ರ್ಯಾಮರ್, ಪ್ಲೇಟ್, ಡ್ರಮ್ ರೋಲರ್: ಸಣ್ಣ ಗುತ್ತಿಗೆದಾರನಿಗೆ ಯಾವುದು ಸಾಕು?

ಮಣ್ಣು ಕೂರಿಸುವ ಮಷೀನು ನನ್ನ ಶೆಡ್ಡಿನಲ್ಲಿ ಒಂದು ಕಾಲಕ್ಕೆ ನಾಲ್ಕು ಇದ್ದವು. ರ್ಯಾಮರ್, ಮುಂದಕ್ಕೆ ಮಾತ್ರ ಹೋಗುವ ಸಣ್ಣ ಪ್ಲೇಟ್, ಹಿಂದಕ್ಕೂ ಮುಂದಕ್ಕೂ ಓಡುವ ರಿವರ್ಸಿಬಲ್ ಪ್ಲೇಟ್, ಮತ್ತೆ ಹಿಂದೆ ನಡೆಯುತ್ತಾ ನಡೆಸುವ ಎರಡು ಡ್ರಮ್ಮಿನ ರೋಲರ್. ಈಗ ಎರಡೇ ಉಳಿದಿವೆ. ಕೆಲಸವೇನೂ ಕಡಿಮೆ ಆಗಿಲ್ಲ. ಕುಮಟಾದಿಂದ ಕಾರವಾರದ ತನಕ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ, ಅದೇ ಪ್ಲಿಂತ್ (ಮನೆಯ ನೆಲದ ಕೆಳಗಿನ ಅಡಿಪಾಯದ ಭಾಗ) ತುಂಬುವುದು, ಇಂಟರ್‌ಲಾಕ್ ಅಂಗಳ, ಕುಡಿಯುವ ನೀರಿನ ಪೈಪ್‌ಲೈನ್, ಮೋರಿ, ಪಂಚಾಯ್ತಿಯ ಕಾಂಕ್ರೀಟ್ ರಸ್ತೆ. ನಾಲ್ಕನ್ನೂ ಈ ಎಲ್ಲ ಕೆಲಸಕ್ಕೆ ಹಾಕಿ ನೋಡಿದ್ದೇನೆ. ಯಾವುದು ಯಾಕೆ ಉಳಿಯಿತು, ಯಾವುದನ್ನು ಯಾಕೆ ಕೊಟ್ಟುಬಿಟ್ಟೆ ಅನ್ನುವುದು ಹೀಗಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದೇ ವಾರದೊಳಗೆ ಮೂರು ಬಗೆಯ ಮಣ್ಣಿನ ಮೇಲೆ ಕೆಲಸ ಬೀಳುತ್ತದೆ. ಮಾಜಾಳಿ, ಗೋಕರ್ಣದ ಕಡೆ ಮರಳು. ಘಟ್ಟ ಹತ್ತಿದರೆ ಕೆಂಪು ಮಣ್ಣು, ಅದರಲ್ಲಿ ಜಂಬಿಟ್ಟಿಗೆಯ ಚೂರು. ಅಘನಾಶಿನಿ ದಂಡೆಯ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗೆ, ಹೋದರೆ ಅಂಟು ಮಣ್ಣು. ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುಗಿಸಿದರೆ ತಾವೇ ಜಾಗ ಮಾಡಿಕೊಂಡು ಕೂರುತ್ತವೆ. ಅಂಟು ಮಣ್ಣಿಗೆ ನಡುಕ ಸಾಲದು, ಪೆಟ್ಟು ಬೇಕು. ಪ್ಲೇಟ್ ನಡುಗಿಸುತ್ತದೆ. ರ್ಯಾಮರ್ ಹೊಡೆಯುತ್ತದೆ. ಡ್ರಮ್ ರೋಲರ್ ಒತ್ತುತ್ತಾ ನಡುಗಿಸುತ್ತದೆ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ರ್ಯಾಮರ್

ಹಿಂದೆ ದಮ್ಮಸ್ಸು ಹಿಡಿದು ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇದು ಎಂಜಿನ್ನಿನಲ್ಲಿ ಮಾಡುತ್ತದೆ. ತೂಕ 60ರಿಂದ 70 ಕೆಜಿ. ನಿಮಿಷಕ್ಕೆ 600-700 ಪೆಟ್ಟು. ಕೆಳಗಿನ ಪಾದ ಒಂದು ಅಡಿಗಿಂತ ಸ್ವಲ್ಪ ಕಿರಿದು. ಈ ಕಿರಿದು ಪಾದವೇ ಇದರ ಶಕ್ತಿ. ಪಿಲ್ಲರ್ ಸುತ್ತ, ಪ್ಲಿಂತಿನ ಮೂಲೆ, ಮೋರಿಯ ಗೋಡೆಯ ಹಿಂದೆ, ಪೈಪಿಗೂ ಗುಂಡಿಯ ಅಂಚಿಗೂ ನಡುವೆ, ಬೇರೆ ಯಾವ ಮಷೀನೂ ಹೋಗದ ಕಡೆ ಇದು ಹೋಗುತ್ತದೆ. ಪೈಪಿನ ಮೇಲೆ ಮಾತ್ರ 30 ಸೆಂಟಿಮೀಟರ್ ಮಣ್ಣು ಬೀಳುವ ತನಕ ಮಷೀನು ಇಳಿಸಬೇಡಿ. ಅಷ್ಟು ಎತ್ತರದವರೆಗೆ ಕೈಯಲ್ಲೇ ತುಳಿದು, ಬಡಿದು ಕೂರಿಸಬೇಕು.

ಶಿರಸಿ ಕಡೆಯ ಕೆಂಪು ಮಣ್ಣಿಗೆ ರ್ಯಾಮರ್ ಹೇಳಿ ಮಾಡಿಸಿದ್ದು. ಹದ ಗೊತ್ತಾಗಲು ಒಂದು ಮುಷ್ಟಿ ಮಣ್ಣು ಹಿಡಿದು ಬಿಗಿಯಾಗಿ ಹಿಸುಕಿ. ಉಂಡೆ ನಿಲ್ಲಬೇಕು. ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಬೇಕು. ಉಂಡೆಯೇ ಆಗದಿದ್ದರೆ ನೀರು ಹೊಡೆಯಿರಿ. ಬಿದ್ದೂ ಒಡೆಯದೆ ಅಂಗೈಗೆ ಕೆಸರು ಹತ್ತಿದರೆ ಒಂದು ದಿನ ಬಿಸಿಲಿಗೆ ಬಿಡಿ. ಹದವಾದ ಮಣ್ಣಿನ ಮೇಲೆ ಮೊದಲ ಸುತ್ತಿನಲ್ಲಿ ಪಾದ ದಪ್‌ದಪ್ ಅಂತ ಒಳಗೆ ಹೂತುಕೊಳ್ಳುತ್ತದೆ. ಮೂರನೆಯದೋ ನಾಲ್ಕನೆಯದೋ ಸುತ್ತಿಗೆ ಸದ್ದು ಗಟ್ಟಿಯಾಗುತ್ತದೆ, ಮಷೀನು ಪುಟಿಯಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮತ್ತೂ ಹೊಡೆದರೆ ಕೂತಿದ್ದೇ ಸಡಿಲವಾಗುತ್ತದೆ, ಪೆಟ್ರೋಲೂ ದಂಡ.

ಮರಳಿನಲ್ಲಿ ಇದು ಸೋಲುತ್ತದೆ. ಒಂದು ಕಡೆ ಹೊಡೆದರೆ ಮರಳು ಪಕ್ಕಕ್ಕೆ ಸರಿದು ಪಾದ ಹೂತು ಕೂರುತ್ತದೆ. ಇನ್ನು ಹಸಿ ಗಜನಿ ಮಣ್ಣಿನಲ್ಲಿ ಯಾವ ಮಷೀನೂ ನಡೆಯುವುದಿಲ್ಲ. ಕಲಸಿಟ್ಟ ರೊಟ್ಟಿ ಹಿಟ್ಟಿನ ಹಾಗೆ, ಇಲ್ಲಿ ಒತ್ತಿದರೆ ಅಲ್ಲಿ ಉಬ್ಬುತ್ತದೆ. ಅದನ್ನು ತೆಗೆದು ಹಾಕಿ ಕೆಂಪು ಮಣ್ಣು ತುಂಬುವುದೇ ದಾರಿ. ಅಲ್ಲಿ ಮಷೀನಿಗೆ ಬೈದು ಪ್ರಯೋಜನ ಇಲ್ಲ.

ರ್ಯಾಮರಿನ ದೊಡ್ಡ ಕಷ್ಟ ಕೈಗೆ. ಒಬ್ಬನೇ ದಿನವಿಡೀ ಹಿಡಿದರೆ ಸಂಜೆ ಬೆರಳು ಜೋಮು ಹಿಡಿದು ಚಹಾ ಲೋಟವೂ ನಿಲ್ಲುವುದಿಲ್ಲ. ವರ್ಷಗಟ್ಟಲೆ ಹೀಗೇ ಹಿಡಿದರೆ ಬೆರಳಿನ ನರ, ರಕ್ತನಾಳ ಎರಡಕ್ಕೂ ಪೆಟ್ಟು. ಇಬ್ಬರನ್ನು ಇಟ್ಟುಕೊಂಡು ಕೈ ಬದಲಿಸಲೇಬೇಕು. ಇನ್ನೊಂದು ವಿಷಯ, ಆಳದ ಗುಂಡಿಯಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆ ತಳದಲ್ಲೇ ನಿಲ್ಲುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ತಲೆ ಸುತ್ತುತ್ತದೆ ಅಂತ ಹುಡುಗ ಹೇಳಿದರೆ ನೀರು ಕುಡಿಸಿ ಮತ್ತೆ ಇಳಿಸುವುದಲ್ಲ, ಮೇಲೆ ಕೂರಿಸಿ.

ಸಾಗಿಸುವಾಗ ಇದನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಮ್ಯಾನ್ಯುವಲ್ಲಿನಲ್ಲಿ ಬರೆದಿರುತ್ತಾರೆ. ಯಾರೂ ಓದುವುದಿಲ್ಲ. ತಪ್ಪು ಮಗ್ಗುಲಿಗೆ ಮಲಗಿಸಿ ದೇವಿಮನೆ ಘಟ್ಟ ಹತ್ತಿಸಿದರೆ ಆಯಿಲ್ ಏರ್ ಫಿಲ್ಟರಿಗೆ ಇಳಿದು, ಮೇಲೆ ಹೋದ ಮೇಲೆ ಬಿಳಿ ಹೊಗೆ ಬಿಟ್ಟುಕೊಂಡು ಕೂರುತ್ತದೆ.

ಎರಡು ಪ್ಲೇಟುಗಳು

ಸಣ್ಣ ಪ್ಲೇಟ್ 80-90 ಕೆಜಿಯದು. ಅಂಗಳದ ಕೆಲಸಕ್ಕೆ ಬೆಣ್ಣೆಯಂಥ ಮಷೀನು. ಇಬ್ಬರು ಎತ್ತಿ ಪಿಕಪ್ಪಿಗೆ ಹಾಕಬಹುದು. ಹೊಸಬನೂ ಅರ್ಧ ಗಂಟೆಯಲ್ಲಿ ಕಲಿಯುತ್ತಾನೆ. ಆದರೆ ಮುಂದಕ್ಕೆ ಮಾತ್ರ ಹೋಗುತ್ತದೆ. ಪೈಪ್‌ಲೈನಿನ ಗುಂಡಿಗೆ ಇಳಿಸಿದರೆ ಕೊನೆಗೆ ಹೋಗಿ ತಿರುಗಿಸಲು ಜಾಗ ಇರುವುದಿಲ್ಲ, ಎತ್ತಿಯೇ ತಿರುಗಿಸಬೇಕು. ದಪ್ಪ ಪದರಕ್ಕೂ ಆಗುವುದಿಲ್ಲ. ಆರು ಇಂಚಿಗಿಂತ ಜಾಸ್ತಿ ಹಾಕಿದರೆ ಮೇಲೆ ಗಟ್ಟಿ, ಕೆಳಗೆ ಪೊಳ್ಳು. ಒಂದು ಮಳೆಗಾಲ ಕಳೆದ ಮೇಲೆ ಮನೆಯವರಿಂದ ಫೋನ್ ಬರುತ್ತದೆ: ಇಂಟರ್‌ಲಾಕ್ ಕೂತಿದೆ, ನೀರು ನಿಲ್ಲುತ್ತಿದೆ.

ರಿವರ್ಸಿಬಲ್ ಪ್ಲೇಟಿನೊಳಗೆ ಒಂದಲ್ಲ, ಎರಡು ತೂಕದ ಶಾಫ್ಟುಗಳು ಎದುರುಬದುರು ತಿರುಗುತ್ತವೆ. ಹ್ಯಾಂಡಲ್ಲಿನ ಲಿವರ್ ಎಳೆದರೆ ಅವುಗಳ ಹೊಂದಾಣಿಕೆ ಬದಲಾಗಿ ಮಷೀನು ಹಿಂದಕ್ಕೆ ಬರುತ್ತದೆ. ಲಿವರ್ ನಡುವಿನಲ್ಲಿ ನಿಲ್ಲಿಸಿದರೆ ನಿಂತಲ್ಲೇ ನಡುಗುತ್ತದೆ. ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಈ ನಡುವಿನ ಜಾಗವೇ. ಮೋರಿ ಪಕ್ಕದಲ್ಲಿ, ಚೇಂಬರಿನ ಸುತ್ತ, ಎಲ್ಲಿ ಮೆತ್ತಗೆ ಅನಿಸಿತೋ ಅಲ್ಲಿ ಎರಡು ಕ್ಷಣ ನಿಲ್ಲಿಸಿ ಮುಂದೆ ಹೋಗಬಹುದು. ಗುಂಡಿಯಲ್ಲಿ ತಿರುಗಿಸುವ ಗೋಜೇ ಇಲ್ಲ.

ಆದರೆ ಯಾವ ಅಳತೆಯದು ಕೊಳ್ಳಬೇಕು ಅನ್ನುವಲ್ಲೇ ಎಲ್ಲ ಇದೆ. ಅಂಗಡಿಯವರು ಯಾವಾಗಲೂ ದೊಡ್ಡದನ್ನೇ ತೋರಿಸುತ್ತಾರೆ. ಮಾದರಿಯ ಹೆಸರಿನಲ್ಲಿರುವ ಅಂಕಿಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಬೋಮಾಗ್ ಕಂಪನಿಯ ರಿವರ್ಸಿಬಲ್ ಪ್ಲೇಟಿನಲ್ಲಿ 25/40 ಅಂತಿದ್ದರೆ ಬಲ 25 ಕಿಲೋನ್ಯೂಟನ್, ಅಗಲ 40 ಸೆಂಟಿಮೀಟರ್. 35/60 ಅಂದರೆ ಬಲ 35, ಅಗಲ 60. ಕಾಗದದ ಮೇಲೆ ದೊಡ್ಡದೇ ಚೆನ್ನಾಗಿ ಕಾಣುತ್ತದೆ. ಆದರೆ ನಮ್ಮ ಪೈಪ್‌ಲೈನಿನ ಗುಂಡಿ ತೆಗೆಯುವುದು ಎರಡು ಅಡಿಯ ಬಕೆಟ್ಟಿನಲ್ಲಿ. 60 ಸೆಂಟಿಮೀಟರ್ ಪ್ಲೇಟ್ ಅದರಲ್ಲಿ ಸಿಕ್ಕಿಬಿದ್ದು ಅಂಚನ್ನು ಕೆಡವುತ್ತದೆ. ಮನೆ ಅಂಗಳಕ್ಕೆ ಹಾಕುವ ಇಂಟರ್‌ಲಾಕ್ ಸಾಮಾನ್ಯವಾಗಿ 60 ಮಿಲಿಮೀಟರ್ ದಪ್ಪ. ಭಾರದ ಪ್ಲೇಟ್ ಅದರ ಮೂಲೆ ಒಡೆಯುತ್ತದೆ. ಹಾಗಾಗಿ ನಿಮ್ಮ ಅತಿ ಕಿರಿದು ಗುಂಡಿ ಎಷ್ಟು, ಅತಿ ತೆಳು ಇಂಟರ್‌ಲಾಕ್ ಎಷ್ಟು, ಇವೆರಡನ್ನು ನೋಡಿ ಮಷೀನು ಆರಿಸಿ. ನಾನು ಇಟ್ಟುಕೊಂಡಿರುವುದು 40 ಸೆಂಟಿಮೀಟರ್ ಅಗಲದ, 150 ಕೆಜಿ ಒಳಗಿನದು. ಅಂಗಳಕ್ಕೆ ಇಳಿಸುವಾಗ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಬೋಲ್ಟ್ ಮಾಡುತ್ತೇವೆ. ಸಂದಿಗೆ ಮರಳು ಗುಡಿಸಿ ತುಂಬಿದ ಮೇಲೇ ಓಡಿಸುತ್ತೇವೆ. ಹೀಗೆ ಮಾಡಿದರೆ 60ರ ಇಂಟರ್‌ಲಾಕೂ ತಡೆಯುತ್ತದೆ. ಇಷ್ಟು ಖಾತ್ರಿಯಾದ ಮೇಲೆ ಸಣ್ಣ ಪ್ಲೇಟಿಗೆ ಕೆಲಸವೇ ಉಳಿಯಲಿಲ್ಲ. ಅಂಕೋಲಾದ ಇಂಟರ್‌ಲಾಕ್ ಹಾಕುವವರೊಬ್ಬರು ತೆಗೆದುಕೊಂಡು ಹೋದರು.

ಮರಳಿನಲ್ಲಿ ಈ ಪ್ಲೇಟಿಗೆ ಸಾಟಿ ಇಲ್ಲ. ಒಂದು ಗುಟ್ಟು ಮಾತ್ರ ಇದೆ: ಮರಳು ಪೂರ್ತಿ ಒಣಗಿರಬೇಕು, ಇಲ್ಲವೇ ಪೂರ್ತಿ ನೆನೆದಿರಬೇಕು. ಅರೆಬರೆ ಒದ್ದೆಯಾದ ಮರಳು ಉಬ್ಬಿಕೊಂಡಿರುತ್ತದೆ, ಕಾಲುಭಾಗದಷ್ಟು ಜಾಸ್ತಿಯೇ ಕಾಣಬಹುದು. ಕಣಗಳ ನಡುವಿನ ನೀರಿನ ಪಸೆ ಅವನ್ನು ಹಿಡಿದಿಟ್ಟು ಕೂರಲು ಬಿಡುವುದಿಲ್ಲ. ಗೋಕರ್ಣದ ಕಡೆ ಪ್ಲಿಂತ್ ತುಂಬುವಾಗ ಪೈಪಿನಲ್ಲಿ ನೀರು ಬಿಟ್ಟು, ಮೇಲೆ ನಿಂತ ನೀರು ಇಳಿದ ಕೂಡಲೇ ಪ್ಲೇಟ್ ಓಡಿಸಿದೆವು. ಗೋಡೆಗೆ ಎಳೆದಿದ್ದ ಗುರುತಿನಿಂದ ಮರಳು ಕಣ್ಣೆದುರೇ ಕೆಳಗಿಳಿಯಿತು.

ಕೆಂಪು ಮಣ್ಣಿನಲ್ಲಿ ರ್ಯಾಮರಿಗೂ ಇದಕ್ಕೂ ನೇರ ಪೈಪೋಟಿ. ಸಿದ್ದಾಪುರದ ಹತ್ತಿರ ಒಂದೇ ಗುಂಡಿಯ ಅರ್ಧಕ್ಕೆ ರ್ಯಾಮರ್, ಅರ್ಧಕ್ಕೆ ಪ್ಲೇಟ್ ಹಾಕಿ ಕೋರ್ ಕಟರ್ (ಮಣ್ಣು ಎಷ್ಟು ಗಟ್ಟಿಯಾಗಿದೆ ಅಂತ ಅಳೆಯಲು ಮಾದರಿ ತೆಗೆಯುವ ಉಕ್ಕಿನ ಕೊಳವೆ) ಇಳಿಸಿ ನೋಡಿದೆವು. ಜಂಬಿಟ್ಟಿಗೆ ಚೂರು ಜಾಸ್ತಿ ಇದ್ದಲ್ಲಿ ಕಟರ್ ಇಳಿಯದೆ ಮರಳು ತುಂಬಿ ಅಳೆಯುವ ಪರೀಕ್ಷೆ ಮಾಡಬೇಕಾಯಿತು. ಎಂಜಿನಿಯರ್ ಕೇಳಿದ 95 ಪರ್ಸೆಂಟ್ ಗಟ್ಟಿತನವನ್ನು (ಅದೇ ಮಣ್ಣು ಲ್ಯಾಬಿನಲ್ಲಿ ಮುಟ್ಟುವ ಗರಿಷ್ಠ ಸಾಂದ್ರತೆಗೆ ಹೋಲಿಸಿ) ಎರಡೂ ಮುಟ್ಟಿದವು. ಆದರೆ ಪ್ಲೇಟಿಗೆ ಪದರ ತೆಳು ಮಾಡಬೇಕಾಯಿತು. ರ್ಯಾಮರಿಗೆ ಸಮಯ ಜಾಸ್ತಿ ಹಿಡಿಯಿತು. ಮಣ್ಣಿನಲ್ಲಿ ಜೇಡಿ ಜಾಸ್ತಿಯಾದಷ್ಟೂ ರ್ಯಾಮರ್ ಗೆಲ್ಲುತ್ತದೆ. ಚೂರುಗಲ್ಲು ಜಾಸ್ತಿಯಾದಷ್ಟೂ ಪ್ಲೇಟ್. ಹಾಗಾಗಿಯೇ ಎರಡರಲ್ಲಿ ಒಂದನ್ನು ಬಿಡಲು ಆಗಲಿಲ್ಲ.

ಹಳೇ ಮನೆಗಳ ಹತ್ತಿರ ಮಾತ್ರ ಪ್ಲೇಟ್ ಹುಷಾರು. ಮಣ್ಣಿನ ಗಾರೆಯ ಚಿರೆಕಲ್ಲು ಗೋಡೆ, ಮೇಲೆ ಮಂಗಳೂರು ಹಂಚು. ನಡುಕ ನೆಲದೊಳಗಿಂದಲೇ ಹೋಗಿ ಹಂಚು ಸರಿಯುತ್ತದೆ. "ತಮ್ಮಾ, ಮೇಲೆ ಹಂಚು ಅಲುಗ್ತಾ ಇದೆ, ನಿಲ್ಸು ಮಾರಾಯಾ" ಅಂತ ಅಜ್ಜ ಒಳಗಿಂದ ಕೂಗಿದ ಮೇಲೆ ಗೋಡೆಯ ಬುಡಕ್ಕೆ ರ್ಯಾಮರೇ ಹಾಕಿದೆವು, ಅದೂ ತೆಳು ಪದರದಲ್ಲಿ.

ಡ್ರಮ್ ರೋಲರ್

ಸುಮಾರು 700 ಕೆಜಿ, 65 ಸೆಂಟಿಮೀಟರ್ ಅಗಲದ ಎರಡು ಡ್ರಮ್. ನೋಡಲು ನಾಲ್ಕರಲ್ಲಿ ಇದೇ ಗಂಭೀರ. ಸೈಟಿನಲ್ಲಿ ಇಳಿಸಿದರೆ ಜನ ನಿಂತು ನೋಡುತ್ತಾರೆ. ಫಿನಿಶಿಂಗ್ ಇದರಷ್ಟು ನುಣುಪು ಯಾವುದರಲ್ಲೂ ಬರುವುದಿಲ್ಲ. ಡಾಂಬರಿನ ಪ್ಯಾಚ್‌ವರ್ಕಿಗೆ ಇವತ್ತಿಗೂ ನನ್ನ ಓಟು ಇದಕ್ಕೇ. ವೈಬ್ರೇಶನ್ ಬಂದ್ ಮಾಡಿ ಬರೀ ಭಾರದಲ್ಲಿ ಉರುಳಿಸಬಹುದು, ಹಂಚಿನ ಮನೆಯ ಹತ್ತಿರ ಅದು ಉಪಕಾರ.

ಇಷ್ಟೆಲ್ಲ ಇದ್ದೂ ಅದು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು. ಯಾಕೆಂದರೆ ಅದು ಎರಡು ಕೆಲಸಗಳ ನಡುವೆ ಸಿಕ್ಕಿಕೊಂಡ ಮಷೀನು. ಎರಡು ಅಡಿ ಗುಂಡಿಗೆ ಇಳಿಯಲು ಅದು ದೊಡ್ಡದು. ರಸ್ತೆಗೆ ಅದು ಸಣ್ಣದು. ಹೆದ್ದಾರಿ ಇಲಾಖೆಯ ನಿಯಮ ಪುಸ್ತಕ 80ರಿಂದ 100 ಕಿಲೋನ್ಯೂಟನ್ ತೂಕದ, ಅಂದರೆ 8-10 ಟನ್ನಿನ ರೋಲರ್ ಲೆಕ್ಕದಲ್ಲಿ ಮಾತಾಡುತ್ತದೆ. ರಸ್ತೆಯ ಅಡಿಯ ಮಣ್ಣಿನ ಹಾಸಿಗೆ 97 ಪರ್ಸೆಂಟ್ ಗಟ್ಟಿತನ ಕೇಳುತ್ತಾರೆ. 700 ಕೆಜಿ ಮಷೀನಿನಲ್ಲಿ ಅದನ್ನು ಮುಟ್ಟಲು ಮೂರು-ನಾಲ್ಕು ಇಂಚಿನ ಪದರ ಹಾಕಿ ದಿನವಿಡೀ ಓಡಾಡಬೇಕು. ಅಷ್ಟರಲ್ಲಿ ಬಾಡಿಗೆಗೆ ತಂದ ದೊಡ್ಡ ರೋಲರ್ ಕೆಲಸ ಮುಗಿಸಿ ಮುಂದಿನ ಊರಿಗೆ ಹೋಗಿರುತ್ತದೆ. ಹೇಗೂ ಬಾಡಿಗೆಗೆ ತರಲೇಬೇಕು ಅಂದ ಮೇಲೆ ಇದು ಯಾಕೆ?

ಸಾಗಾಟವೂ ಹಾಗೇ. ಟಾಟಾ ಏಸಿನ ಸಾಮರ್ಥ್ಯವೆಲ್ಲ ಇದಕ್ಕೇ ಹೋಗುತ್ತದೆ. ಸಿಮೆಂಟಿಗೆ, ಆಳುಗಳಿಗೆ ಇನ್ನೊಂದು ಗಾಡಿ ಬೇಕು. ಹತ್ತಿಸಲು ಇಳಿಸಲು ಹಲಗೆ, ಜನ. ಇಳಿಜಾರಿನ ಅಂಗಳದಲ್ಲಿ, ಅದೂ ಯಲ್ಲಾಪುರದ ಕಡೆಯ ಹಸಿ ಕೆಂಪು ಮಣ್ಣಿನಲ್ಲಿ, ನುಣುಪು ಡ್ರಮ್ ಅಡ್ಡಕ್ಕೆ ಜಾರುತ್ತದೆ. ಹ್ಯಾಂಡಲ್ ಹಿಡಿದ ಹುಡುಗ "ಅಣ್ಣಾ, ಇದು ನನ್ನನ್ನೇ ಎಳ್ಕೊಂಡು ಹೋಗ್ತಾ ಇದೆ" ಅಂದ. ಅವನ ಹಿಂದೆ ಗೋಡೆ ಇತ್ತು. ರಿವರ್ಸ್ ಹಾಕುವಾಗ ಹಿಂದೆ ನಿಂತವನು ಗೋಡೆಗೂ ಹ್ಯಾಂಡಲ್ಲಿಗೂ ನಡುವೆ ಸಿಕ್ಕುವುದು ಈ ಮಷೀನಿನ ದೊಡ್ಡ ಅಪಾಯ. ಕೈ ಬಿಟ್ಟರೆ ನಿಲ್ಲುವ ಲಿವರನ್ನು ತಂತಿ ಕಟ್ಟಿ ಓಡಿಸುವವರನ್ನೂ ನೋಡಿದ್ದೇನೆ, ದಯವಿಟ್ಟು ಮಾಡಬೇಡಿ.

ಮಷೀನು ಕಡಿಮೆಯಾದ ಮೇಲೆ

ಉಳಿದ ಎರಡೂ ಪೆಟ್ರೋಲಿನವು. ರಿವರ್ಸಿಬಲ್ ಪ್ಲೇಟ್ ಡೀಸೆಲ್ಲಿನಲ್ಲೂ ಸಿಗುತ್ತದೆ. ಆದರೆ ರ್ಯಾಮರ್ ಪೆಟ್ರೋಲಿನದಾದ ಮೇಲೆ ಬೇಕಂತಲೇ ಇದನ್ನೂ ಪೆಟ್ರೋಲಿನದೇ ತೆಗೆದುಕೊಂಡೆ. ಸೈಟಿಗೆ ಒಂದೇ ಕ್ಯಾನ್. ಹೊಸ ಹುಡುಗ ಯಾವುದಕ್ಕೆ ಯಾವುದು ಹಾಕಿದ ಅನ್ನುವ ತಲೆನೋವು ಇಲ್ಲ. ಎರಡನ್ನೂ ಪಿಕಪ್ಪಿಗೆ ಹಾಕಿದ ಮೇಲೂ ಪೈಪು, ಸಿಮೆಂಟಿಗೆ ಜಾಗ ಉಳಿಯುತ್ತದೆ.

ನಮ್ಮಲ್ಲಿ ಜೂನ್ ಬಂದರೆ ಮಣ್ಣಿನ ಕೆಲಸ ನಿಂತುಹೋಗುತ್ತದೆ. ಆಮೇಲೆ ಶುರುವಾಗುವುದು ಅಕ್ಟೋಬರ್ ಕಳೆದ ಮೇಲೆಯೇ. ಅಷ್ಟು ತಿಂಗಳು ಪೆಟ್ರೋಲ್ ಟ್ಯಾಂಕಿನಲ್ಲಿ ಬಿಡಬೇಡಿ. ಈಗಿನ ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್ ಸೇರಿರುತ್ತದೆ. ಅದು ನಮ್ಮ ಮಳೆಗಾಲದ ಪಸೆಯನ್ನು ಹೀರಿಕೊಂಡು ಕಾರ್ಬುರೇಟರನ್ನು ಹಾಳು ಮಾಡುತ್ತದೆ. ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಸುರಿದು, ರ್ಯಾಮರಿನ ರಬ್ಬರ್ ಬೆಲ್ಲೋಸ್ (ಪಾದದ ಮೇಲಿನ ಮಡಿಕೆ ಮಡಿಕೆಯ ಕವಚ) ಬಿರುಕು ಬಿಟ್ಟಿದೆಯಾ ನೋಡಿ, ಪ್ಲೇಟಿನ ತಳಕ್ಕೆ ಹಳೇ ಆಯಿಲ್ ಒರೆಸಿ ಹಲಗೆಯ ಮೇಲೆ ಇಡಿ. ಕಡಲ ಗಾಳಿಗೆ ಕಬ್ಬಿಣ ಎಷ್ಟು ಬೇಗ ಹೋಗುತ್ತದೆ ಅಂತ ಕಾರವಾರದವರಿಗೆ ಹೇಳಬೇಕಿಲ್ಲ.

ಅಗೆಯುವ ಮಷೀನಿನ ತೋಳಿಗೆ ಸಿಕ್ಕಿಸುವ ಹೈಡ್ರಾಲಿಕ್ ಪ್ಲೇಟ್ ಇನ್ನೊಂದಿದೆ. ಪರಿಚಯದವರ ಸೈಟಿನಲ್ಲಿ ಒಂದು ಮಧ್ಯಾಹ್ನ ಓಡಿಸಿ ನೋಡಿದೆ. ಗುಂಡಿ 1.5 ಮೀಟರ್ ದಾಟಿದರೆ ಅಂಚಿಗೆ ಆಸರೆ ಕೊಡದೆ ಮನುಷ್ಯರನ್ನು ಇಳಿಸಬಾರದು ಅನ್ನುತ್ತದೆ ನಿಯಮ. ಅಂಥ ಕಡೆ ಇದು ಯಾರನ್ನೂ ಇಳಿಸದೆ ಕೆಲಸ ಮುಗಿಸುತ್ತದೆ. ಒಳಚರಂಡಿಯ ಆಳದ ಗುಂಡಿ ಹಿಡಿಯುವವರು ಇದನ್ನು ನೋಡಲೇಬೇಕು. ನನ್ನ ಗುಂಡಿಗಳು ಒಂದು ಮೀಟರ್ ದಾಟುವುದು ಅಪರೂಪ, ಅದಕ್ಕೆ ಬಿಟ್ಟೆ.

ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ? ಪೈಪ್‌ಲೈನ್, ಪ್ಲಿಂತ್ ಜಾಸ್ತಿ ಇರುವ ಘಟ್ಟದ ಮೇಲಿನವರು ರ್ಯಾಮರ್ ತೆಗೆದುಕೊಳ್ಳಿ. ಕರಾವಳಿಯ ಮರಳು, ಇಂಟರ್‌ಲಾಕ್ ಅಂಗಳದವರು ರಿವರ್ಸಿಬಲ್ ಪ್ಲೇಟ್. ಡ್ರಮ್ ರೋಲರ್ ಬೇಕೇ ಬೇಕು ಅನ್ನುವ ಡಾಂಬರ್ ಪ್ಯಾಚಿನವರು ಮೊದಲು ಒಂದು ಸೀಸನ್ ಬಾಡಿಗೆಗೆ ತಂದು, ಎಷ್ಟು ದಿನ ಓಡಿತು ಅಂತ ಡೈರಿಯಲ್ಲಿ ಬರೆದಿಡಿ. ಕೊಳ್ಳುವ ಮಾತು ಮೇ ತಿಂಗಳಿನಲ್ಲಿ ಆಡಿದರೆ ಸಾಕು.