ನಾಲ್ಕು ವರ್ಷ ಬಳಸಿದ ಕಾರ್ಪೆಟ್ ಸ್ಪ್ರೇಯರ್: ಟ್ಯಾಂಕ್ ಗಟ್ಟಿ, ವಾಲ್ವ್‌ನ ರಬ್ಬರ್ ನೋಡಿ ಹಾಕಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಮನೆಗೆ ಹೋಗಿ ಸೋಫಾ, ಕಾರ್ಪೆಟ್ ತೊಳೆದು ಕೊಡುವ ಕೆಲಸ ನನ್ನದು. 8 ಲೀಟರಿನ ಕೈಪಂಪ್ ಸ್ಪ್ರೇಯರ್ ತಗೊಂಡು ನಾಲ್ಕು ವರ್ಷ ದಾಟಿತು. ಪ್ಲಾಸ್ಟಿಕ್ ಟ್ಯಾಂಕ್, ಹಿತ್ತಾಳೆಯ ಗನ್. ಟ್ಯಾಂಕ್ ಇವತ್ತಿಗೂ ಗಟ್ಟಿ ಇದೆ. ಕಾಡಿದ್ದೆಲ್ಲ ಗನ್ನಿನೊಳಗಿನ ವಾಲ್ವ್.

ಆರು ತಿಂಗಳಿಗೇ ಹಿಡಿಕೆ ಬಿಟ್ಟ ಮೇಲೂ ನಾಜಲ್‌ನಿಂದ ಹನಿ ಬೀಳಲು ಶುರುವಾಯಿತು. ಒಂದೆರಡು ಹನಿ ತಾನೇ ಅಂತ ಸುಮ್ನೆ ಬಿಟ್ಟೆ. ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆ. ಬಾಗಿಲ ಹತ್ತಿರದ ನೈಲಾನ್ ಕಾರ್ಪೆಟ್‌ಗೆ ಪಿಎಚ್ 11ರ, ಅಂದರೆ ಗಟ್ಟಿ ಕ್ಷಾರದ ಕೆಮಿಕಲ್ ಹೊಡೆದು, ಗನ್ ಹಿಡಿದುಕೊಂಡೇ ಒಳಗೆ ನಡೆದೆ. ದಾರಿಯಲ್ಲಿ ಉಣ್ಣೆಯ ಕಾರ್ಪೆಟ್ ಇತ್ತು, ಅದರ ಮೇಲೆ ಹನಿ ಬಿತ್ತು. ಉಣ್ಣೆಗೆ ಅಷ್ಟು ಕ್ಷಾರ ತಡೆಯುವುದಿಲ್ಲ. ನೀರು ಹಾಕಿ, ತಿಳಿ ವಿನೆಗರ್ ನೀರಿನಲ್ಲಿ ಒರೆಸಿದರೂ ಎರಡು ಕಡೆ ಬಣ್ಣ ಮಾಸಿತು. ಮನೆಯವರು ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ನೋವಾಯಿತು. ಆ ದಿನ ದುಡ್ಡು ತಗೊಳ್ಳಲಿಲ್ಲ.

ರಾತ್ರಿ ವಾಲ್ವ್ ಬಿಚ್ಚಿದೆ. ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಕಪ್ಪು ಒ-ರಿಂಗ್, ನೀರಲ್ಲಿ ನೆನೆದ ಕಡಲೆಯಂತೆ ಉಬ್ಬಿತ್ತು. ಎಣ್ಣೆ ಕಲೆಗೆ ನಾವು ಬಳಸುವ, ಕಿತ್ತಳೆ ವಾಸನೆಯ ಕೆಮಿಕಲ್ ಇದೆಯಲ್ಲ, ಅದರಲ್ಲಿ ಲಿಮೊನೀನ್ ಇರುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯೇ ಅದು. ಸಾದಾ ನೈಟ್ರೈಲ್ ರಬ್ಬರ್ ಅದನ್ನು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ವಾಲ್ವ್ ಮುಚ್ಚುವಾಗ ತಾನು ಒತ್ತಿ ಕೂರುವ ಜಾಗದ, ಅಂದರೆ ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಅಂಗಡಿಯವರು ಇಡೀ ವಾಲ್ವ್ ಬದಲಿಸಿ ಅಂದರು, ಬದಲಿಸಿದೆ. ಒಳಗೆ ಅದೇ ರಬ್ಬರ್. ಐದು ತಿಂಗಳಿಗೆ ಮತ್ತೆ ಅದೇ ಹನಿ.

ಮೂರನೇ ಸಲ ಹಳೆಯ ರಿಂಗ್ ಮಾತ್ರ ಹಿಡಿದುಕೊಂಡು ಗೋಕುಲ ರಸ್ತೆ ಕಡೆಯ ಸೀಲ್ ಅಂಗಡಿಗೆ ಹೋದೆ. ಅದೇ ಅಳತೆಯ, ವೈಟನ್ ಅನ್ನುವ ಬೇರೆ ಜಾತಿಯ ರಬ್ಬರಿನ ರಿಂಗ್ ಸಿಕ್ಕಿತು. ನೈಟ್ರೈಲ್‌ಗಿಂತ ದುಬಾರಿ ನಿಜ, ಆದರೆ ಎರಡು ವರ್ಷ ಒಂದು ಹನಿ ಸೋರಲಿಲ್ಲ. ಹಾಗಂತ ವೈಟನ್ ಎಲ್ಲಕ್ಕೂ ಆಗುವುದಿಲ್ಲ. ಬಿಸಿ ನೀರಿನಲ್ಲಿ ಕಲಸಿದ ಗಟ್ಟಿ ಕ್ಷಾರಕ್ಕೆ ಇಪಿಡಿಎಂ ರಬ್ಬರೇ ಒಳ್ಳೆಯದು. ಆದರೆ ಇಪಿಡಿಎಂಗೆ ಲಿಮೊನೀನ್ ತಾಗಲೇಬಾರದು. ಅದಕ್ಕೇ ಈಗ ಎರಡು ಗನ್ ಇಟ್ಟಿದ್ದೇನೆ. ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ಹಸಿರು. ರಬ್ಬರಿನ ಬಣ್ಣ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ, ಕೊಳ್ಳುವಾಗ ಕೇಳಿಯೇ ತಗೊಳ್ಳಿ. ಸವರುವುದಕ್ಕೆ ಸಿಲಿಕೋನ್ ಗ್ರೀಸ್ ಮಾತ್ರ. ಒಮ್ಮೆ ವ್ಯಾಸಲೀನ್ ಹಚ್ಚಿ ಹೊಸ ಇಪಿಡಿಎಂ ರಿಂಗ್ ಹಾಳು ಮಾಡಿಕೊಂಡೆ.

ಸೋರುವ ಜಾಗ ನೋಡಿದರೆ ರೋಗ ತಿಳಿಯುತ್ತದೆ. ನಾಜಲ್‌ನಿಂದ ಹನಿದರೆ ಸೀಟಿನ ಸೀಲ್ ಹೋಗಿದೆ. ಹಿಡಿಕೆಯ ಕಡ್ಡಿಯ ಸುತ್ತ ಸೋರಿದರೆ ಕಡ್ಡಿಯ ಒ-ರಿಂಗ್. ಪಂಪಿನ ಹಿಡಿ ತಾನೇ ಮೇಲೆ ಏಳುತ್ತಿದ್ದರೆ ಪಂಪಿನ ತಳದಲ್ಲಿ ಗಾಳಿ ಹಿಂದೆ ಬರದಂತೆ ತಡೆಯುವ ಚೆಕ್ ವಾಲ್ವ್. ಬಿಚ್ಚುವ ಮೊದಲು ಒಳಗಿನ ಗಾಳಿ ಪೂರ್ತಿ ಬಿಡಿ, ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಕ್ಷಾರ ಸಿಡಿದರೆ ದೊಡ್ಡ ಅಪಾಯ.

ಆನ್‌ಲೈನ್‌ನಲ್ಲಿ ಇಡೀ ವಾಲ್ವ್ ತರಿಸುವವರು ಥ್ರೆಡ್, ಅಂದರೆ ತಿರುಗಿಸಿ ಕೂರಿಸುವ ಎಳೆ ನೋಡಿ. ಬಿಎಸ್‌ಪಿ, ಎನ್‌ಪಿಟಿ ಅಂತ ಎರಡು ಬಗೆ. ಕಾಲು ಇಂಚಿನಲ್ಲಿ ನಮ್ಮ ಕಡೆ ಹೆಚ್ಚು ಸಿಗುವ ಬಿಎಸ್‌ಪಿಗೆ ಇಂಚಿಗೆ 19 ಎಳೆ, ಅಮೆರಿಕದ ಎನ್‌ಪಿಟಿಗೆ 18. ಒಂದಕ್ಕೆ ಇನ್ನೊಂದು ಹಾಕಿದರೆ ಎರಡು ಸುತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ನಾನು ಪಾನಾ ಹಾಕಿ ತಿರುಗಿಸಿ ಹಿತ್ತಾಳೆಯ ಎಳೆ ಕೆಡಿಸಿಕೊಂಡೆ.

ನಮ್ಮ ಬೋರ್‌ವೆಲ್ ನೀರು ಗಡಸು. ವಾಲ್ವ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ದಿನಾ ಕೆಲಸ ಮುಗಿದ ಮೇಲೆ ಒಂದು ಲೀಟರ್ ಒಳ್ಳೆಯ ನೀರು ಗನ್ನಿನ ಮೂಲಕವೇ ಹೊಡೆದು ಖಾಲಿ ಮಾಡುತ್ತೇನೆ. ಟ್ಯಾಂಕ್ ತೊಳೆದರೆ ಸಾಲದು, ಕೆಮಿಕಲ್ ಉಳಿಯುವುದು ವಾಲ್ವ್‌ನಲ್ಲೇ ಅಲ್ವಾ?

ಸ್ಪ್ರೇಯರ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ತಿಂಗಳು ಇದೇ ಮಾದರಿಯ ಇನ್ನೊಂದು ತಂದೆ. ನವಲಗುಂದದ ಜಮಖಾನ ತೊಳೆಯಲು ಕೊಡುವವರಿದ್ದಾರೆ, ಅದಕ್ಕೆ ಮೆದು ಸೋಪಿನ ನೀರಿಗೆ ಅಂತಲೇ ಬೇರೆ ಬೇಕಿತ್ತು. ಡಬ್ಬಿ ಒಡೆದ ದಿನವೇ ಗನ್ ಬಿಚ್ಚಿ, ಒಳಗಿನ ಎರಡೂ ರಿಂಗ್ ಬದಲಿಸಿದ ಮೇಲೆಯೇ ಮೊದಲ ಸಲ ನೀರು ತುಂಬಿದೆ.