ಸೈಟಿಗೆ ಅಡ್ಡ ಕಂಬ ಹಾಕಿಸ್ತೀರಾ? ಗುಂಡಿ ನೋಡದೆ ದುಡ್ಡು ಕೊಡಬೇಡಿ

ಸೈಟು ಒಂದೂರಲ್ಲಿ, ತಾವು ಇನ್ನೊಂದೂರಲ್ಲಿ ಇರುವವರು ಇದನ್ನು ದಯವಿಟ್ಟು ಓದಿ. ಸೈಟಿನೊಳಗೆ ಗಾಡಿ ಬರದ ಹಾಗೆ ಕಂಬ ಹಾಕೋ ಕೆಲಸದಲ್ಲಿ ಮೋಸ ಮಾಡೋದು ತುಂಬಾ ಸುಲಭ. ಮುಖ್ಯವಾದದ್ದೆಲ್ಲ ನೆಲದ ಒಳಗೆ, ಪೈಪಿನ ಒಳಗೆ ಇರುತ್ತದೆ. ಫೋಟೋದಲ್ಲಿ ಕಾಣೋದು ಹಳದಿ-ಕಪ್ಪು ಪೇಂಟು ಮಾತ್ರ.

ಮೈಸೂರಿನಲ್ಲಿ ನಮ್ಮದೊಂದು 30-40 ಸೈಟಿದೆ. ಎರಡೂ ಪಕ್ಕ ಬೇರೆಯವರ ಕಾಂಪೌಂಡು, ರಸ್ತೆ ಕಡೆ ಮಾತ್ರ ಬಯಲು. ರಾತ್ರಿ ಹೊತ್ತು ಯಾರ್‍ಯಾರೋ ಬಂದು ಒಡೆದ ಇಟ್ಟಿಗೆ, ಟೈಲ್ಸ್ ಚೂರು, ಹಳೇ ಕಮೋಡು ಎಲ್ಲ ಸುರಿದು ಹೋಗುತ್ತಿದ್ದರು. ಕಾಂಪೌಂಡ್ ಕಟ್ಟಿಸೋದು ದೂರದ ಮಾತು. ಮುಂದಿನ 30 ಅಡಿಗೆ ಗಟ್ಟಿ ಕಂಬ ಹಾಕಿಸಿದರೆ ಗಾಡಿ ಒಳಗೆ ಬರೋಲ್ಲ ಅಂತ ಒಬ್ಬ ವೆಲ್ಡಿಂಗ್ ಕಂಟ್ರಾಕ್ಟರಿಗೆ ಕೆಲಸ ಕೊಟ್ಟೆವು. ಕೊಟೇಶನ್‌ನಲ್ಲಿ ಎಲ್ಲ ಸರಿಯಾಗೇ ಇತ್ತು: 4 ಇಂಚು ಬಿ ಕ್ಲಾಸ್ (ಮಧ್ಯಮ ದಪ್ಪದ) ಕಬ್ಬಿಣದ ಪೈಪು, ಎರಡೂವರೆ ಅಡಿ ಗುಂಡಿ, ಪೈಪಿನೊಳಗೆ ಕಾಂಕ್ರೀಟು. "ಆನೆ ಗುದ್ದಿದ್ರೂ ಅಲ್ಲಾಡಲ್ಲ ಸಾರ್" ಅಂದ. ಕೆಲಸ ಮುಗೀತು ಅಂತ ವಾಟ್ಸಾಪಲ್ಲಿ ಫೋಟೋ ಬಂತು, ದುಡ್ಡೂ ಹೋಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಟಾಟಾ ಏಸ್ ರಿವರ್ಸ್ ಬರುವಾಗ ತಗುಲಿ ಒಂದು ಕಂಬ ಮಲಗಿತು. ಜೋರಾಗಿ ಗುದ್ದಿಲ್ಲ, ಸುಮ್ನೆ ಸವರಿದೆ ಅಷ್ಟೇ ಅಂತ ಎದುರು ಮನೆಯವರು ಹೇಳಿದರು. ಹೋಗಿ ನೋಡಿದರೆ ಗುಂಡಿಯೇ ಇಲ್ಲ! ಮೇಲೆ ಮೂರಿಂಚು ಕಾಂಕ್ರೀಟ್ ಹಾಸಿ, ಕಂಬದ ಬುಡಕ್ಕೆ ಒಂದು ಪ್ಲೇಟು ಬೆಸೆದು, ನಾಲ್ಕು ಬೋಲ್ಟು ಬಿಗಿದಿದ್ದಾನೆ. ಬೋಲ್ಟುಗಳು ಸಿಮೆಂಟ್ ಚೂರಿನ ಸಮೇತ ಹುಳುಕು ಹಲ್ಲಿನ ಹಾಗೆ ಕಿತ್ತು ಬಂದಿದ್ದವು. ಪೈಪನ್ನು ತಲೆಕೆಳಗು ಮಾಡಿದೆ. ಒಳಗೆ ಖಾಲಿ ಸಿಮೆಂಟ್ ಚೀಲ ತುರುಕಿ, ಬಾಯಿಗೆ ಮಾತ್ರ ಎರಡು ಇಂಚು ಗಾರೆ ಮೆತ್ತಿದ್ದ. ಮೇಲಿಂದ ನೋಡಿದವರಿಗೆ ಪೂರ್ತಿ ತುಂಬಿದೆ ಅನ್ನಿಸಬೇಕು, ಅಷ್ಟೇ.

ಫೋನ್ ಮಾಡಿದರೆ, "ಗಾಡಿ ಗುದ್ದಿದ್ರೆ ಯಾವ ಕಂಬ ನಿಲ್ಲತ್ತೆ ಸಾರ್?" ಅಂದ. ಆನೆ ಎಲ್ಲಿ ಹೋಯಿತೋ! ಅವನ ಮಾತಲ್ಲಿ ಅರ್ಧ ನಿಜ ಇದೆ, ಒಪ್ಪುತ್ತೇನೆ. ಲೋಡಾದ ಟಿಪ್ಪರ್ ಸ್ಪೀಡಲ್ಲಿ ಬಂದು ಹೊಡೆದರೆ ಮಾಮೂಲಿ ಪೈಪು ಬಗ್ಗೇ ಬಗ್ಗುತ್ತದೆ. ಆದರೆ ಬಗ್ಗೋದು ಬೇರೆ, ಬುಡಸಮೇತ ಬರೋದು ಬೇರೆ ಅಲ್ವಾ?

ಪೈಪಲ್ಲೂ ಮೋಸ. 4 ಇಂಚಿನ ಬಿ ಕ್ಲಾಸ್ ಪೈಪು 4.5 ಮಿಲಿಮೀಟರ್ ದಪ್ಪ ಇರಬೇಕು, ಮೀಟರಿಗೆ ಸುಮಾರು 12 ಕೆಜಿ ತೂಗಬೇಕು. ನಮ್ಮದು ಎರಡು ಮಿಲಿಮೀಟರಿನ ತಗಡು, ಅರ್ಧ ತೂಕವೂ ಇಲ್ಲ. ಪೇಂಟ್ ಬಳಿದ ಮೇಲೆ ಇದು ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಪೇಂಟಿಗೆ ಮುಂಚೆ, ಕತ್ತರಿಸಿದ ಬಾಯಿಯ ದಪ್ಪ ಅಳೆಯಿರಿ, ಇಲ್ಲವೇ ತಕ್ಕಡಿಗೆ ಹಾಕಿಸಿ. ಹೊಸ ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ: ಎ ಕ್ಲಾಸಿಗೆ ಹಳದಿ, ಬಿ ಕ್ಲಾಸಿಗೆ ನೀಲಿ, ಸಿ ಕ್ಲಾಸಿಗೆ ಕೆಂಪು.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ನಾಲ್ಕೇ ಕಂಬ ಹಾಕಿದ್ದರಿಂದ ಮಧ್ಯೆ ಆರಡಿ ಹತ್ತಿರ ಸಂದು ಉಳಿದಿತ್ತು. ಟಾಟಾ ಏಸ್ ಅಗಲ ಒಂದೂವರೆ ಮೀಟರು, ಅಂದರೆ ಐದಡಿಗಿಂತ ಕಮ್ಮಿ. ಕಂಬಕ್ಕೆ ತಗುಲದೇ ಇದ್ದಿದ್ದರೆ ಆರಾಮಾಗಿ ಒಳಗೇ ಬರುತ್ತಿತ್ತು! ಆಟೋ ಅಗಲ 1.3 ಮೀಟರು, ಅಂದರೆ ಸುಮಾರು ನಾಲ್ಕೂಕಾಲು ಅಡಿ. ಹಾಗಾಗಿ ಸಂದು 4 ಅಡಿ ಮೀರಬಾರದು. ನಮ್ಮ 30 ಅಡಿಗೆ ಆರು ಕಂಬ ಬೇಕಿತ್ತು.

ಕಲ್ಲು ಕೂಚ (ಕಲ್ಲಿನ ಬೇಲಿ ಕಂಬ) ಹಾಕಿಸಿ, ಅಗ್ಗ ಅಂತ ಸುಮಾರು ಜನ ಹೇಳುತ್ತಾರೆ. ತಂತಿ ಬೇಲಿಗೆ ಅದು ಸರಿ. ಗಾಡಿ ತಡೆಯೋಕೆ ಬೇಡ. ಕಲ್ಲು ಮೇಲಿನ ಭಾರ ಎಷ್ಟಾದರೂ ಹೊರುತ್ತದೆ, ಪಕ್ಕದಿಂದ ಏಟು ಬಿದ್ದರೆ ಪಟ್ ಅಂತ ಮುರಿಯುತ್ತದೆ.

ಈಗ ಬೇರೆ ಮೇಸ್ತ್ರಿ ಹತ್ತಿರ ಎಲ್ಲ ಕೀಳಿಸಿ ಹೊಸದಾಗಿ ಹಾಕಿಸಿದ್ದೇವೆ. ಈ ಸಲ ಮಾತು ಹೀಗೆ: ಗುಂಡಿ ತೋಡಿ, ಒಳಗೆ ಟೇಪ್ ಇಳಿಬಿಟ್ಟು ವಿಡಿಯೋ ಕಾಲ್ ಮಾಡಬೇಕು. ನಾನು ನೋಡಿದ ಮೇಲೆ ಕಾಂಕ್ರೀಟು. ಪೈಪ್ ತುಂಬೋದೂ ಕಣ್ಣೆದುರಿಗೇ ಆಗಬೇಕು. ಒಂದು ವಾರ ನೀರು ಹಾಕಿದ ಮೇಲೇ ಕೊನೇ ಕಂತು. ಮೇಸ್ತ್ರಿ ಮೊದಲು ಮುಖ ಸಿಂಡರಿಸಿದ, ಆಮೇಲೆ ಒಪ್ಪಿದ. ಗುಂಡಿ ತೋಡೋಕೆ ಮುಂಚೆ ನೀರಿನ ಪೈಪು, ಕರೆಂಟ್ ಕೇಬಲ್ ಎಲ್ಲಿ ಹಾದಿದೆ ಅಂತ ಅಕ್ಕಪಕ್ಕದವರನ್ನು ಕೇಳಿಕೊಳ್ಳಿ. ಕಂಬ ನಿಮ್ಮ ಗಡಿಯ ಒಳಗೇ ಇರಲಿ, ಫುಟ್‌ಪಾತಿಗೆ ಬಂದರೆ ಪಾಲಿಕೆಯವರು ಕೀಳಿಸಬಹುದು.

ಮಧ್ಯದ ಎರಡು ಕಂಬ ಬೇಕಾದಾಗ ತೆಗೆದು ಮತ್ತೆ ಹಾಕುವ ಹಾಗಿವೆ. ಅವನ್ನು ಇಳಿಸೋಕೆ ನೆಲದಲ್ಲಿ ಹೂತ ಕೊಳವೆಯ ತಳಕ್ಕೆ ಸಿಮೆಂಟ್ ಬೇಡ, ಜಲ್ಲಿ ಹಾಕಿಸಿ. ಇಲ್ಲದಿದ್ದರೆ ನೀರು ನಿಂತು ತುಕ್ಕು ಹಿಡಿದು ಕಂಬ ಕಚ್ಚಿಕೊಂಡು, ಮನೆ ಕಟ್ಟೋ ದಿನ ನಿಮ್ಮ ಜಲ್ಲಿ ಲಾರಿಯೇ ಹೊರಗೆ ನಿಲ್ಲಬೇಕಾಗುತ್ತದೆ.