ಮೂರು ಲಕ್ಷದ ಆಂಪ್ಲಿಫೈಯರ್ ಮತ್ತು ಚಳ್ಳಕೆರೆ ಕಂಬಳಿ

ನಮ್ಮ ತಂದೆ ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಆ ಹಾರ್ಮೋನಿಯಂ ಈಗಲೂ ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ಹಾಲ್‌ನಲ್ಲಿದೆ. ಹಾಗಾಗಿ ಯಾವ ಸ್ಪೀಕರ್ ಕೇಳಿದರೂ ನನ್ನದು ಒಂದೇ ಅಳತೆ. ಹಾರ್ಮೋನಿಯಂ ಹಾರ್ಮೋನಿಯಂ ಥರಾನೇ ಕೇಳಬೇಕು, ತಿದಿ ಒತ್ತಿದಾಗ ಬರುವ ಗಾಳಿಯ ಸದ್ದೂ ಸೇರಿ.

ಎರಡು ವರ್ಷದ ಹಿಂದೆ ಯಮಾಹಾ ಎ-ಎಸ್301 ಆಂಪ್ಲಿಫೈಯರ್, ವಾರ್ಫ್‌ಡೇಲ್ ಡೈಮಂಡ್ 12.1 ಸ್ಪೀಕರ್ ಜೋಡಿ ತಗೊಂಡೆ. ಎರಡೂ ಸೇರಿ 65 ಸಾವಿರದ ಆಸುಪಾಸು ಆಯಿತು. ಮೊದಲ ವಾರ ತುಂಬಾ ಬೇಜಾರಾಯಿತು. ಹಾಡುವವರು ಖಾಲಿ ಕಲ್ಯಾಣ ಮಂಟಪದಲ್ಲಿ ನಿಂತು ಹಾಡಿದ ಹಾಗೆ ಕೇಳುತ್ತಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ, "ಕೇಬಲ್ ಸರಿ ಇಲ್ಲ ಸರ್, ಒಳ್ಳೇದು ಹಾಕಿ" ಅಂದರು. 18 ಸಾವಿರದ ಕೇಬಲ್ ತರಿಸಿದೆ. ಒಂದಿಷ್ಟೂ ಬದಲಾಗಲಿಲ್ಲ. ವಾಪಸ್ ತಗೊಳ್ಳಿ ಅಂದರೆ ಒಪ್ಪಲಿಲ್ಲ. ಆಮೇಲೆ ಮಂಡಿಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ 2.5 ಚದರ ಮಿ.ಮೀ. ತಾಮ್ರದ ವೈರ್ ತಂದು ಹಾಕಿದೆ. ಅದೇ ಸದ್ದು! ಮೂರು ಮೀಟರ್ ದೂರಕ್ಕೆ ಈ ವೈರ್ ಒಡ್ಡುವ ತಡೆ, ಹೋಗಿ ಬರುವ ದಾರಿ ಎರಡೂ ಸೇರಿದರೂ 0.05 ಓಮ್ ದಾಟುವುದಿಲ್ಲ. ಸ್ಪೀಕರ್‌ನದ್ದು 8 ಓಮ್. ಅದರ ಮುಂದೆ ಇದು ಯಾವ ಲೆಕ್ಕ?

ತಪ್ಪಿದ್ದದ್ದು ನಮ್ಮ ಹಾಲ್‌ನಲ್ಲಿ. ನೆಲಕ್ಕೆ ಟೈಲ್ಸ್, ಬೋಳು ಗೋಡೆ, ಗಾಜಿನ ಷೋಕೇಸ್. ಚಪ್ಪಾಳೆ ತಟ್ಟಿದರೆ ಸದ್ದು ಝಣ್ ಅಂತ ಎಳೆಯುತ್ತಿತ್ತು. ನೆಲಕ್ಕೆ ದಪ್ಪ ಜಮಖಾನೆ ಹಾಸಿದೆ. ಕೂರುವ ಜಾಗದ ಹಿಂದಿನ ಗೋಡೆಗೆ ಎರಡು ಚಳ್ಳಕೆರೆ ಕಂಬಳಿ ಮಡಚಿ ತೂಗುಹಾಕಿದೆ. ಉಣ್ಣೆ ಚೂಪಾದ ಸದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಮೂಲೆಯಲ್ಲಿದ್ದ ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದೆ. ಮೂಲೆಯಲ್ಲಿಟ್ಟರೆ ತಗ್ಗಿನ ಸ್ವರ ಊದಿಕೊಳ್ಳುತ್ತದೆ. ಚೂಪಾದ ಸ್ವರ ಹೊರಡಿಸುವ ಸಣ್ಣ ಟ್ವೀಟರ್ ಕಿವಿಯ ಎತ್ತರಕ್ಕೆ ಬರುವ ಹಾಗೆ ಸ್ಟ್ಯಾಂಡ್ ಮಾಡಿಸಿದೆ. ಆ ಸಂಜೆ ಹಾರ್ಮೋನಿಯಂನ ಉಸಿರು ಕೇಳಿಸಿತು. ಅಮ್ಮ ಅಡುಗೆ ಮನೆಯಿಂದ ಹೊರಗೆ ಬಂದು, "ಪೆಟ್ಟಿಗೆ ಯಾರು ನುಡಿಸ್ತಾ ಇದಾರೆ?" ಅಂತ ಕೇಳಿದರು. ನನಗೆ ಕಣ್ಣು ತುಂಬಿ ಬಂತು.

ಇನ್ನು ದುಬಾರಿ ಆಂಪ್ಲಿಫೈಯರ್ ವಿಷಯ. ನನ್ನ ಗೆಳೆಯನ ಹತ್ತಿರ ಮೂರು ಲಕ್ಷದ್ದು ಇದೆ. ಒಂದು ಭಾನುವಾರ ಬೆಣ್ಣೆ ದೋಸೆ ತಿಂದು, ಅದನ್ನು ಕಾರಿನಲ್ಲಿ ನಮ್ಮ ಮನೆಗೆ ತಂದೆವು. ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟಕ್ಕಿರಬೇಕು. ಒಂದು ಡೆಸಿಬಲ್ ಜಾಸ್ತಿ ಇದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಅದಕ್ಕೆ 1000 ಹರ್ಟ್ಸ್‌ನ ಒಂದೇ ಸ್ವರ ಹಾಕಿ, ಮೊಬೈಲ್ ಇಟ್ಟು ಅಳೆದು ಸರಿಮಾಡಿದೆವು. ಎರಡರ ಮೇಲೂ ದುಪ್ಪಟಿ ಹೊದಿಸಿದೆವು. ನಾವು ಬೆನ್ನು ತಿರುಗಿಸಿ ಕೂತೆವು, ಮಗಳು ವೈರ್ ಬದಲಿಸಿದಳು. ಹತ್ತು ಸಲ ಆಡಿಸಿದೆವು. ನಾನು ಐದು ಸಲ ಸರಿ ಹೇಳಿದೆ, ಅವನು ಆರು ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, ಅಲ್ವಾ? ಕಾಫಿ ತಂದ ಅಮ್ಮ, "ಏನ್ ಬದ್ಲಾಯಿಸಿದ್ರಪ್ಪಾ? ನಂಗೇನೂ ಗೊತ್ತಾಗಲಿಲ್ಲ" ಅಂದರು. ಗೆಳೆಯ ಬಹಳ ಹೊತ್ತು ಸುಮ್ನೆ ಕೂತಿದ್ದ.

ಸ್ಪೀಕರ್ ವಿಷಯ ಹಾಗಲ್ಲ. ಅವನ ಮನೆಯಲ್ಲಿ ನೆಲದ ಮೇಲೆ ನಿಲ್ಲಿಸುವ ದೊಡ್ಡ ಸ್ಪೀಕರ್‌ಗಳಿವೆ. ತಬಲದ ಎಡಗಡೆಯ ಡಗ್ಗಾದ ಗುಂಕಾರ ಅಲ್ಲಿ ಎದೆಗೆ ತಾಕುತ್ತದೆ. ನನ್ನ ತಗ್ಗಿನ ಸ್ವರಕ್ಕಿರುವ 130 ಮಿ.ಮೀ. ವೂಫರ್‌ನಿಂದ ಅದು ಆಗುವುದಿಲ್ಲ. ಅಷ್ಟು ಗಾಳಿ ತಳ್ಳುವ ಶಕ್ತಿ ಅದಕ್ಕಿಲ್ಲ. ದೊಡ್ಡ ಹಾಲ್ ಇರುವವರು ಸ್ಪೀಕರ್‌ಗೆ ಹಾಕುವ ದುಡ್ಡು ನಿಜವಾಗಿ ಕೇಳಿಸುತ್ತದೆ. ನಮ್ಮ 12ಕ್ಕೆ 16 ಅಡಿ ಹಾಲ್‌ಗೆ ಮಾತ್ರ ಇದು ಧಾರಾಳ ಸಾಕು.

ಸಿಡಿಗಿಂತ ಜಾಸ್ತಿ ವಿವರ ಇರುವ ಹೈ-ರೆಸ್ ಹಾಡಿನ ಫೈಲ್‌ಗೆ ದುಡ್ಡು ಕೊಡುವುದನ್ನೂ ಬಿಟ್ಟೆ. ಸಿಡಿಯಲ್ಲಿ ಸೆಕೆಂಡಿಗೆ ಸದ್ದಿನ 44,100 ಮಾದರಿ (ಸ್ಯಾಂಪಲ್) ಇರುತ್ತವೆ. ಸುಮಾರು 22,000 ಹರ್ಟ್ಸ್‌ವರೆಗಿನ ಸ್ವರ ಅದರಲ್ಲೇ ಹಿಡಿಸುತ್ತದೆ. ನನಗೀಗ 54. ಪರೀಕ್ಷೆ ಮಾಡಿದರೆ 12,000ದ ಆಚೆ ಏನೂ ಕೇಳುವುದಿಲ್ಲ. ಮಗಳಿಗೆ 16,000 ಕೇಳುತ್ತದೆ.

ಯಮಾಹಾದಲ್ಲಿ ನನಗೆ ಕಂಡ ಕೊರತೆ ಅಂದರೆ ಬ್ಲೂಟೂತ್ ಒಳಗೇ ಇಲ್ಲ, ಬೇರೆ ಅಡಾಪ್ಟರ್ ಬೇಕು. ಟಿವಿಯನ್ನು ಆಪ್ಟಿಕಲ್ ವೈರ್‌ನಲ್ಲಿ ಜೋಡಿಸುವವರು ಟಿವಿಯ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಸದ್ದು) ಆರಿಸಿ. ಇಲ್ಲದಿದ್ದರೆ ಸರಿಯಾಗಿ ಸದ್ದು ಬರುವುದಿಲ್ಲ. ನಾನು ಒಂದು ದಿನ ಪೂರ್ತಿ ಅದಕ್ಕೇ ಒದ್ದಾಡಿದೆ.

ಹೋದ ವಾರ ಗೆಳೆಯ ಫೋನ್ ಮಾಡಿದ್ದ. ಹೊಸ ಆಂಪ್ಲಿಫೈಯರ್ ನೋಡುವುದನ್ನು ಸದ್ಯಕ್ಕೆ ಬಿಟ್ಟಿದ್ದಾನಂತೆ. ಈ ಭಾನುವಾರ ಅವನ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿ ನೋಡಬೇಕು. ಕಂಬಳಿ ನಾನೇ ಒಯ್ಯುತ್ತೇನೆ.